ಅವರೆ ಗಿಡದ ಹೇನಿಗೂ ನಮ್ಮ ರಸ್ತೆ ಹೊಗೆಗೂ ಸಂಬಂಧ ಇದೆ

ಬೆಂಗಳೂರಿನ ಹೊಗೆ ಅಂದ ಕೂಡಲೇ ಕೆಮ್ಮು, ದಮ್ಮು, ಮಕ್ಕಳ ಉಸಿರಾಟದ ಮಾತು ಬರುತ್ತದೆ. ಬರಲೇಬೇಕು. ಆದರೆ ಅದೇ ಗಾಳಿಯಲ್ಲಿ ಬೆಳೆಯುವ ಅವರೆ, ಅಲಸಂದೆ, ಸೊಪ್ಪಿನ ಮಡಿಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಹೇನು, ಅಂದರೆ ಗಿಡದ ರಸ ಹೀರುವ ಪುಟ್ಟ ಹುಳ, ಬಿದ್ದ ಒಂದು ಅವರೆ ಕುಡಿಯನ್ನು ಬಗ್ಗಿಸಿ ನೋಡಿ. ತುದಿಯಿಂದ ಹೂಗೊಂಚಲಿನವರೆಗೆ ಕಪ್ಪಗೆ ಮೆತ್ತಿಕೊಂಡಿರುತ್ತವೆ. ಮುಟ್ಟಿದರೆ ಬೆರಳಿಗೆ ಹೇನು ಬಿಡುವ ಸಿಹಿ ಅಂಟು. ಆ ಸಿಹಿಗೆ ಇರುವೆ ಸಾಲು, ಕೆಳಗಿನ ಎಲೆಗಳ ಮೇಲೆ ಕಪ್ಪು ಬೂಷ್ಟು. "ಮೋಡ ಹಾಕಿತ್ತಲ್ಲ, ಅದಕ್ಕೇ ಹೇನು ಬಿತ್ತು" ಅನ್ನುತ್ತಾರೆ ನಮ್ಮ ರೈತರು. ಮೋಡವೂ ಕಾರಣವೇ. ಆದರೆ ಅದೊಂದೇ ಅಲ್ಲ.

ಲಂಡನ್ನಿನ ಗಾಳಿ ಇಟ್ಟುಕೊಂಡು ಮಾಡಿದ ಒಂದು ಪ್ರಯೋಗ 1984ರಲ್ಲಿ ಪ್ರಕಟವಾಯಿತು. ಕೆಲವು ಹುರುಳಿಕಾಯಿ ಜಾತಿಯ ಗಿಡಗಳಿಗೆ ಊರಿನ ಗಾಳಿ, ಕೆಲವಕ್ಕೆ ಸೋಸಿದ ಗಾಳಿ. ಊರಿನ ಗಾಳಿ ಕುಡಿದ ಗಿಡದ ಮೇಲೆ ಹೇನು ಬೇಗ ಬೆಳೆದವು. ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಅನಿಲಗಳನ್ನು ಗಿಡಕ್ಕೆ ಹಾಯಿಸಿ ನೋಡಿದಾಗಲೂ ಹಾಗೇ ಆಯಿತು. ಗಿಡ ಇಲ್ಲದೆ ಬರೀ ಹೇನಿಗೆ ಆ ಗಾಳಿ ಕೊಟ್ಟರೆ ಏನೂ ವ್ಯತ್ಯಾಸ ಇಲ್ಲ! ಅಂದರೆ ಹೊಗೆ ಬದಲಾಯಿಸಿದ್ದು ಗಿಡದ ರಸವನ್ನು. ಸೋತ ಗಿಡದ ರಸದಲ್ಲಿ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ವಸ್ತು) ಜಾಸ್ತಿಯಾಗುತ್ತದೆ, ಹೇನಿಗೆ ಬೇಕಾದದ್ದೂ ಅದೇ. ಎಲ್ಲ ಹುಳಕ್ಕೂ, ಎಲ್ಲ ಬೆಳೆಗೂ ಇದೇ ಲೆಕ್ಕ ಅಂತ ಹೇಳಲಾಗದು. ಆದರೆ ರಸ ಹೀರುವ ಹುಳಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ.

ಇನ್ನೊಂದು ಕಡೆ ಹೇನಿನ ಶತ್ರುಗಳ ಪಾಡು. ಹೇನಿನ ಹೊಟ್ಟೆಯೊಳಗೆ ಮೊಟ್ಟೆ ಇಡುವ ಪುಟ್ಟ ಕಣಜಗಳು ವಾಸನೆ ಹಿಡಿದು ಬರುತ್ತವೆ. ಡೀಸೆಲ್ ಹೊಗೆ, ಓಝೋನ್ ಆ ವಾಸನೆಯನ್ನೇ ಒಡೆದು ಹಾಕುತ್ತವೆ. ಹೂವಿಗೆ ಬರುವ ಜೇನಿಗೂ ಹೊಗೆಯ ಏಟು ತಪ್ಪಿಲ್ಲ, ಆ ಕಥೆ ನಮ್ಮೂರಿನದೇ. 2020ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಗಳೂರಿನ ಹೊಗೆ ಜಾಸ್ತಿ ಇರುವ ಕಡೆ ಹಿಡಿದ ಹೆಜ್ಜೇನುಗಳಲ್ಲಿ ಶೇ. 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತಿದ್ದವು.

ಹೊಗೆ ಬಿಡೋದು ನಾವು, ಔಷಧಿ ಹೊಡೆಯುವ ಖರ್ಚು ರೈತರದ್ದು. ಇದು ಅನ್ಯಾಯ ಅಲ್ವಾ? ಬಳ್ಳಾರಿ ರಸ್ತೆ ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇದೆ. ಲಂಡನ್ನಿನ ಆ ಪ್ರಯೋಗವನ್ನು ನಮ್ಮ ಅವರೆ ಗಿಡ, ನಮ್ಮ ಗಾಳಿ ಇಟ್ಟುಕೊಂಡು ಮಾಡಲಿ. ಈಗಾಗಲೇ ಮಾಡಿದ್ದರೆ, ಸಿಕ್ಕಿದ್ದನ್ನು ಕೃಷಿ ಮೇಳದಲ್ಲಿ ರೈತರಿಗೆ ಕನ್ನಡದಲ್ಲಿ ಹೇಳಲಿ.