ಅಣ್ಣ ಹೋದ ಯುದ್ಧ, ನಾನು ಸುತ್ತಿದ ಊರುಗಳು

ನಾನು ಹಾಕುವ ಪ್ರವಾಸದ ಫೋಟೋಗಳಲ್ಲಿ ಸಮಾಧಿಗಳೇ ಜಾಸ್ತಿ ಅಂತ ಸುಮಾರು ಜನ ಹೇಳಿದ್ದೀರಿ. ಪ್ಯಾರಿಸ್ಸಿನವರೆಗೂ ಹೋಗಿ ಐಫೆಲ್ ಗೋಪುರ ಬಿಟ್ಟು ಯಾವುದೋ ಹೊಲದ ನಡುವಿನ ಬಿಳಿ ಕಲ್ಲುಗಳ ಫೋಟೋ ಯಾಕೆ ಹಾಕ್ತೀಯಾ ಅಂತ ಕೇಳಿದವರೂ ಇದ್ದಾರೆ. ಮೊನ್ನೆ ಒಬ್ಬರು ಕಾಳಜಿಯಿಂದಲೇ ಬರೆದರು: "ಇಷ್ಟು ವರ್ಷ ಆಯ್ತು, ಇನ್ನಾದರೂ ಅಣ್ಣನ ವಿಷಯ ಬಿಡಿ. ದೇಶ ವಿದೇಶ ಸುತ್ತುತ್ತೀರಿ, ಖುಷಿಯಾಗಿರಿ." ಅವರಿಗೆ ಉತ್ತರ ಬರೆಯಲು ಕೂತೆ, ಉದ್ದವಾಯಿತು. ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಹಾಕುತ್ತಿದ್ದೇನೆ.

ನನ್ನ ಅಣ್ಣ ತೀರಿಕೊಂಡಿದ್ದು 1987ರ ಅಕ್ಟೋಬರಿನಲ್ಲಿ, ಶ್ರೀಲಂಕಾದ ಜಾಫ್ನಾದಲ್ಲಿ. ರಸ್ತೆಯಲ್ಲಿ ಹೂತಿಟ್ಟಿದ್ದ ನೆಲಬಾಂಬು. ಕಾರ್ಗಿಲ್ ಅಂದರೆ ಮಕ್ಕಳಿಗೂ ಗೊತ್ತು. ಈ ಯುದ್ಧದ ಹೆಸರು ಹೇಳಿದರೆ ವಿದ್ಯಾವಂತರೂ "ಓ, ಅದರಲ್ಲಿ ನಮ್ಮವರೂ ಸತ್ತಿದ್ರಾ?" ಅನ್ನುತ್ತಾರೆ. ಸತ್ತಿದ್ದರು. ಸುಮಾರು 1,200 ಜನ. ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ 1987ರ ಜುಲೈ 29ಕ್ಕೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ತಮಿಳು ಹೋರಾಟಗಾರರು ಆಯುಧ ಕೆಳಗಿಡಬೇಕು, ಅದನ್ನು ನೋಡಿಕೊಳ್ಳಲು ನಮ್ಮ ಸೈನ್ಯ ಹೋಗಬೇಕು ಅಂತ ಮಾತಾಯಿತು. ಹೆಸರೇ ಶಾಂತಿಪಾಲನಾ ಪಡೆ. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ಎಲ್‌ಟಿಟಿಇ ಜೊತೆ ಗಲ್ಲಿ ಗಲ್ಲಿಯಲ್ಲಿ ಹೊಡೆದಾಡುತ್ತಿತ್ತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬಂದಾಗ ಮದ್ರಾಸಿನಲ್ಲಿ ರಾಜ್ಯದ ಮುಖ್ಯಮಂತ್ರಿಯೇ ಅವರನ್ನು ಎದುರುಗೊಳ್ಳಲು ಹೋಗಲಿಲ್ಲ.

ದೀಪಾವಳಿಯ ವಾರ ನಮಗೆ ಸುದ್ದಿ ಬಂತು. ಮಲೆನಾಡಿನಲ್ಲಿ ದೀಪಾವಳಿಯೇ ದೊಡ್ಡ ಹಬ್ಬ, ಗೋಪೂಜೆಗೆ ಅಂತ ಅಪ್ಪ ದನಗಳ ಕೊಂಬಿಗೆ ಬಣ್ಣ ಹಚ್ಚಿಟ್ಟಿದ್ದರು. ಅಣ್ಣನ ದೇಹ ಊರಿಗೆ ಬರಲಿಲ್ಲ. ಆಗೆಲ್ಲ ಸಾಮಾನ್ಯವಾಗಿ ಸತ್ತ ಸೈನಿಕರಿಗೆ ಅಲ್ಲೇ ಸಂಸ್ಕಾರ ಮಾಡುತ್ತಿದ್ದರು. ಹೆಣ ಊರಿಗೆ ತರುವುದು, ಊರೆಲ್ಲ ಸೇರುವುದು, ತ್ರಿವರ್ಣ ಹೊದಿಸಿದ ಪೆಟ್ಟಿಗೆ, ಇವೆಲ್ಲ ರೂಢಿಯಾಗಿದ್ದು 1999ರ ಕಾರ್ಗಿಲ್ ಕಾಲದಿಂದ. ನಮ್ಮ ಮನೆಗೆ ಬಂದಿದ್ದು ಒಂದು ಕಪ್ಪು ಟ್ರಂಕು. ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹೆಸರು. ಒಳಗೆ ಮಡಚಿಟ್ಟ ಸ್ವೆಟರು, ಎರಡು ಬನೀನು, ಒಂದು ಸ್ಟೀಲ್ ಲೋಟ, ಅರ್ಧ ಖರ್ಚಾದ ಬೂಟ್ ಪಾಲಿಶ್ ಡಬ್ಬಿ. ಆ ಡಬ್ಬಿಯ ಪಾಲಿಶಿನ ಮೇಲೆ ಬಟ್ಟೆ ಸುತ್ತಿದ ಬೆರಳು ತಿರುಗಿಸಿದ ಗುರುತು ಹಾಗೇ ಇತ್ತು. ನಾನು ತುಂಬಾ ದಿನ ಅದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ.

ಹೆಣ ನೋಡದೆ ಸಾವು ನಂಬುವುದು ಕಷ್ಟ. ಎಲ್ಲೋ ತಪ್ಪಾಗಿದೆ, ಹೆಸರು ಅದಲು ಬದಲಾಗಿದೆ, ಯಾವುದೋ ಆಸ್ಪತ್ರೆಯಲ್ಲಿ ಇದ್ದಾನೆ ಅಂತ ಮನಸ್ಸು ಕತೆ ಕಟ್ಟುತ್ತಲೇ ಇರುತ್ತದೆ. ನನಗೆ ಮದುವೆಯಾಗಿ, ಮಗುವಾಗಿ, ಬೆಂಗಳೂರಿಗೆ ಬಂದು ಎಷ್ಟೋ ವರ್ಷಗಳಾದ ಮೇಲೂ ಮೆಜೆಸ್ಟಿಕ್ಕಿನಲ್ಲಿ ಹಸಿರು ಚೀಲ ಹೆಗಲಿಗೆ ಹಾಕಿಕೊಂಡ ಬೆನ್ನು ಕಂಡರೆ ಹಿಂದೆಯೇ ಹೋಗಿ ಮುಖ ನೋಡುತ್ತಿದ್ದೆ.

ಇದನ್ನು ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ. ಮನೆಗೆ ಬಂದವರೆಲ್ಲ ಕೇಳುತ್ತಿದ್ದುದು "ಅಮ್ಮ ಹೇಗಿದ್ದಾರೆ? ಊಟ ಮಾಡ್ತಾರಾ? ನೀನು ಗಟ್ಟಿಯಾಗಿರು, ಅಮ್ಮನ್ನ ನೋಡ್ಕೋ." ಅಮ್ಮನ ದುಃಖ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಜೊತೆ ಒಂದೇ ಕಂಬಳಿಯಲ್ಲಿ ಮಲಗಿದ್ದವಳು, ಅವನ ಬೆನ್ನ ಮೇಲೆ ಕೂತು ಹಳ್ಳ ದಾಟಿದವಳು, ಅಪ್ಪನ ಕೈಲಿ ಏಟು ತಿಂದಾಗ ಇಬ್ಬರೂ ಅಟ್ಟದ ಮೇಲೆ ಅಡಗಿ ಕೂತವಳು ನಾನು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸರ್ಕಾರದ ಕಾಗದ ಅಪ್ಪ ಅಮ್ಮನ ಹೆಸರಿಗೆ ಬರುತ್ತದೆ, ಮದುವೆಯಾಗಿದ್ದರೆ ಹೆಂಡತಿ ಹೆಸರಿಗೆ. ಸನ್ಮಾನಕ್ಕೆ ಕರೆದರೂ ಅವರನ್ನೇ. ನಾನು ಸನ್ಮಾನ ಬೇಕು ಅಂತ ಹೇಳುತ್ತಿಲ್ಲ. ಒಡಹುಟ್ಟಿದವರ ದುಃಖವನ್ನು ನಾವು ಎರಡನೇ ದರ್ಜೆಯ ದುಃಖ ಅಂತ ನಡೆಸಿಕೊಳ್ಳುತ್ತೇವೆ, ಅದು ತಪ್ಪು ಅಂತ ಹೇಳುತ್ತಿದ್ದೇನೆ. ಅಪ್ಪ ಅಮ್ಮನ ಜೊತೆ ಅರ್ಧ ಆಯಸ್ಸು ಕಳೆಯುತ್ತೇವೆ. ಅಣ್ಣ ತಮ್ಮ ಅಕ್ಕ ತಂಗಿಯರ ಜೊತೆ ಮುದುಕರಾಗುವವರೆಗೂ ಇರುತ್ತೇವೆ ಅಂದುಕೊಂಡಿರುತ್ತೇವೆ, ಅಲ್ವಾ? ಈಗ ನಮ್ಮ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಅಣ್ಣ ಚಿಕ್ಕಂದಿನಲ್ಲಿ ಹೇಗೆ ನಗುತ್ತಿದ್ದ ಅಂತ ಗೊತ್ತಿರುವವಳು ಭೂಮಿ ಮೇಲೆ ನಾನೊಬ್ಬಳೇ.

ಇನ್ನು ಊರು ಸುತ್ತಿದ್ದರ ಬಗ್ಗೆ. ಮೊದಲು ಕೆಲಸದ ಮೇಲೆ ಬೆಲ್ಜಿಯಂಗೆ ಹೋಗಿದ್ದೆ. ಶನಿವಾರ ರಜೆ ಅಂತ ಸಹೋದ್ಯೋಗಿ ಒಬ್ಬಳು ಈಪ್ರ್ ಅನ್ನುವ ಸಣ್ಣ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಮೆನಿನ್ ಗೇಟ್ ಅಂತ ದೊಡ್ಡ ಕಮಾನು ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತು, ದೇಹವೇ ಸಿಗದ 54,000ಕ್ಕೂ ಜಾಸ್ತಿ ಸೈನಿಕರ ಹೆಸರು ಅದರ ಗೋಡೆ ತುಂಬಾ. ಪ್ರತಿ ಸಂಜೆ 8 ಗಂಟೆಗೆ ಪೊಲೀಸರು ರಸ್ತೆ ನಿಲ್ಲಿಸುತ್ತಾರೆ, ಬ್ಯೂಗಲ್ ಊದುವವರು ನಡುರಸ್ತೆಯಲ್ಲಿ ನಿಂತು ಊದುತ್ತಾರೆ. 1928ರಿಂದ ಇದು ನಡೆಯುತ್ತಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಊರು ಹಿಡಿದುಕೊಂಡಿದ್ದ ವರ್ಷಗಳನ್ನು ಬಿಟ್ಟರೆ ನಿಂತಿಲ್ಲ. ಆ ಗೋಡೆಯಲ್ಲಿ ಭಾರತದ ಸೈನಿಕರ ಹೆಸರುಗಳೂ ಇವೆ. ಸಿಂಗ್, ಖಾನ್, ಥಾಪಾ ಅಂತ ಓದುತ್ತಾ ನಿಂತವಳಿಗೆ ಅಳು ಬಂತು. ಅಣ್ಣ ಹೋದ ಮೇಲೆ ನಾನು ಜನರ ಎದುರಿಗೆ ಅತ್ತಿದ್ದು ಅಲ್ಲೇ ಮೊದಲು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನ ತೋಳು ಹಿಡಿದುಕೊಂಡು ನಿಂತಳು, ಏನೂ ಕೇಳಲಿಲ್ಲ. ಅಲ್ಲಿ ಅಳುವವರನ್ನು ಕಂಡರೆ ಯಾರಿಗೂ ಆಶ್ಚರ್ಯವಿಲ್ಲ.

ಮಾರನೇ ದಿನ ಹತ್ತಿರದ ಟೈನ್ ಕಾಟ್ ಸಮಾಧಿಗೆ ಹೋದೆವು. ಸುಮಾರು 12,000 ಬಿಳಿ ಕಲ್ಲುಗಳು. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆ. ಎಂಟು ಸಾವಿರಕ್ಕೂ ಹೆಚ್ಚು ಕಲ್ಲುಗಳ ಕೆಳಗಿರುವವರ ಹೆಸರೇ ಗೊತ್ತಿಲ್ಲ, ದೇವರಿಗಷ್ಟೇ ಗೊತ್ತು ಅಂತ ಕೆತ್ತಿದ್ದಾರೆ. ಹೆಸರು ಗೊತ್ತಿರುವ ಕಲ್ಲಿನ ಬುಡದಲ್ಲಿ ಒಂದು ಸಾಲು ಬರೆಸಲು ಮನೆಯವರಿಗೆ ಅವಕಾಶ ಕೊಟ್ಟಿದ್ದರು, 66 ಅಕ್ಷರ ಮೀರಬಾರದು ಅಂತ ನಿಯಮ. ನಾನು ಆ ಕೊನೆಯ ಸಾಲುಗಳನ್ನೇ ಓದುತ್ತಾ ನಡೆದೆ, ಮಂಡಿ ಊರಿ, ಹುಲ್ಲು ಸರಿಸಿ. ನನಗೆ ಕೊಟ್ಟಿದ್ದರೆ ಏನು ಬರೆಸುತ್ತಿದ್ದೆ ಅಂತ ಆ ರಾತ್ರಿಯೆಲ್ಲ ಯೋಚಿಸಿದೆ. ಇವತ್ತಿಗೂ ತೀರ್ಮಾನವಾಗಿಲ್ಲ.

ಅಲ್ಲಿಂದಾಚೆ ಎಲ್ಲಿಗೆ ಹೋದರೂ ಇಂಥ ಜಾಗ ಹುಡುಕಿಕೊಂಡು ಹೋಗುವುದು ಶುರುವಾಯಿತು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ಭಾರತೀಯರದ್ದೇ ಸ್ಮಾರಕವಿದೆ, 4,700ಕ್ಕೂ ಹೆಚ್ಚು ಹೆಸರು, ಎರಡು ಕಲ್ಲಿನ ಹುಲಿಗಳು ಕಾವಲಿಗೆ. ನಾನು ಹೋದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ಹಾಕಿದ ಫೋಟೋಗಳಲ್ಲಿ ಲೈಕ್ ಬರಲಿಲ್ಲ ಅಂತ ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರಿಗಾಗಿ ವಾಷಿಂಗ್ಟನ್ನಿನಲ್ಲಿ ಕಟ್ಟಿರುವ ಗೋಡೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಾಯಾ ಲಿನ್ ಅನ್ನುವ 21 ವರ್ಷದ ವಿದ್ಯಾರ್ಥಿನಿ ಮಾಡಿದ ವಿನ್ಯಾಸ, 1982ರಲ್ಲಿ ಕಟ್ಟಿದ್ದು. ಕನ್ನಡಿಯಂತೆ ಹೊಳೆಯುವ ಕಪ್ಪು ಗ್ರಾನೈಟಿನಲ್ಲಿ 58,000ಕ್ಕೂ ಹೆಚ್ಚು ಹೆಸರುಗಳು, ಸತ್ತ ದಿನಾಂಕದ ಪ್ರಕಾರ. ಹುದ್ದೆ ಬರೆದಿಲ್ಲ. ಹೆಸರು ಓದುವಾಗ ನಮ್ಮ ಮುಖವೂ ಅದರಲ್ಲೇ ಕಾಣುತ್ತದೆ. ಒಬ್ಬ ವಯಸ್ಸಾದ ಮನುಷ್ಯ ಹೆಸರಿನ ಮೇಲೆ ಕಾಗದ ಒತ್ತಿ ಹಿಡಿದು ಪೆನ್ಸಿಲಿನಿಂದ ತಿಕ್ಕುತ್ತಿದ್ದರು, ಅಕ್ಷರಗಳು ಕಾಗದಕ್ಕೆ ಇಳಿಯುತ್ತಿದ್ದವು. ಕೈ ನಡುಗುತ್ತಿತ್ತು, ನಾನು ಕಾಗದದ ತುದಿ ಹಿಡಿದುಕೊಂಡೆ. "ನನ್ನ ದೊಡ್ಡಣ್ಣ. ಈಗ ನಾನು ಅವನಿಗಿಂತ ಐವತ್ತು ವರ್ಷ ದೊಡ್ಡವನು" ಅಂದರು. ನಾನೂ ನನ್ನ ಅಣ್ಣನ ವಯಸ್ಸನ್ನು ದಾಟಿ ಎಷ್ಟೋ ಕಾಲವಾಯಿತು. ನನ್ನ ಮಗ ಈಗ ಅವನಿಗಿಂತ ದೊಡ್ಡವನು. ಆದರೂ ಕನಸಿನಲ್ಲಿ ಬಂದರೆ ನಾನೇ ಚಿಕ್ಕವಳು.

ಅದೇ ಯುದ್ಧದ ಆಚೆ ಬದಿಯನ್ನೂ ನೋಡಬೇಕು ಅಂತ ವಿಯೆಟ್ನಾಮಿಗೆ ಹೋದೆ. ಕ್ವಾಂಗ್ ಟ್ರಿ ಪ್ರಾಂತ್ಯದ ಟ್ರುವಾಂಗ್ ಸಾನ್ ಸಮಾಧಿಯಲ್ಲಿ ಗುಡ್ಡದ ಮೇಲೆ 10,000ಕ್ಕೂ ಹೆಚ್ಚು ಗೋರಿಗಳು. ಆ ದೇಶದಲ್ಲಿ ಇನ್ನೂ ಲಕ್ಷಾಂತರ ಮನೆಗಳಿಗೆ ತಮ್ಮ ಹುಡುಗನ ಮೂಳೆ ಎಲ್ಲಿದೆ ಅಂತ ಗೊತ್ತಿಲ್ಲ. ಅಕ್ಕ ತಂಗಿಯರು ಮುದುಕಿಯರಾಗಿ, ಊದುಬತ್ತಿ ಕಟ್ಟು ಹಿಡಿದು, ತಮ್ಮವನದ್ದು ಸಿಗದಿದ್ದರೆ ಹೆಸರಿಲ್ಲದ ಗೋರಿಗಳಿಗೆಲ್ಲ ಒಂದೊಂದು ಸಿಗಿಸುತ್ತಾ ಹೋಗುತ್ತಾರೆ.

ವೆರಾ ಬ್ರಿಟನ್ ಅನ್ನುವ ಇಂಗ್ಲಿಷ್ ಲೇಖಕಿಯ ವಿಷಯ ಗೊತ್ತಾಗಿದ್ದೂ ಇಂಥ ಓಡಾಟದಲ್ಲೇ. ಮೊದಲ ಮಹಾಯುದ್ಧದಲ್ಲಿ ನರ್ಸ್ ಆಗಿದ್ದವಳು. ಮದುವೆ ಗೊತ್ತಾಗಿದ್ದ ಹುಡುಗ ಸತ್ತ, ಸ್ನೇಹಿತರು ಸತ್ತರು, ಕೊನೆಗೆ 1918ರ ಜೂನ್‌ನಲ್ಲಿ ಒಬ್ಬನೇ ತಮ್ಮ ಎಡ್ವರ್ಡ್ ಇಟಲಿಯ ಅಸಿಯಾಗೊ ಬೆಟ್ಟಗಳಲ್ಲಿ ಸತ್ತ. ಅವಳು 1921ರಲ್ಲಿ ಅಲ್ಲಿಗೆ ಹೋಗಿ ಅವನ ಸಮಾಧಿ ನೋಡಿದಳು. ಆಮೇಲೆ ಮದುವೆ, ಮಕ್ಕಳು, ಬರವಣಿಗೆ, ಶಾಂತಿಗಾಗಿ ಹೋರಾಟ, ಎಲ್ಲ ಆಯಿತು. 1970ರಲ್ಲಿ ತೀರಿಕೊಂಡಾಗ ಅವಳ ಇಚ್ಛೆಯಂತೆ ಬೂದಿಯನ್ನು ಒಯ್ದು ತಮ್ಮನ ಸಮಾಧಿ ಮೇಲೆ ಚೆಲ್ಲಿದರು. 52 ವರ್ಷವಾದ ಮೇಲೆ! "ಇನ್ನಾದರೂ ಬಿಡಿ" ಅನ್ನುವವರು ಇದನ್ನು ಸ್ವಲ್ಪ ಯೋಚಿಸಿ. ಆ ಹೆಂಗಸು ಬದುಕಲಿಲ್ಲ ಅಂತ ಯಾರಾದರೂ ಹೇಳಲಿಕ್ಕಾಗುತ್ತಾ? ತುಂಬಾ ಚೆನ್ನಾಗಿ ಬದುಕಿದಳು. ತಮ್ಮನನ್ನು ಬಿಡಲಿಲ್ಲ, ಅಷ್ಟೇ.

ಶ್ರೀಲಂಕಾಗೆ ಮಾತ್ರ ನಾನು ಎಲ್ಲಕ್ಕಿಂತ ಕೊನೆಗೆ ಹೋದೆ. ಬೆಂಗಳೂರಿಂದ ವಿಮಾನದಲ್ಲಿ ಒಂದೂವರೆ ಗಂಟೆ, ಆದರೂ ಧೈರ್ಯ ಬಂದಿರಲಿಲ್ಲ. ಕೊಲಂಬೊ ಪಕ್ಕದ ಕೋಟ್ಟೆ ಅನ್ನುವ ಊರಿನಲ್ಲಿ, ಅವರ ಪಾರ್ಲಿಮೆಂಟಿಗೆ ಹತ್ತಿರದಲ್ಲೇ, ನಮ್ಮ ಸೈನಿಕರ ಸ್ಮಾರಕವಿದೆ. ಶ್ರೀಲಂಕಾದವರು ಕಟ್ಟಿಸಿದ್ದು, ಕಪ್ಪು ಕಲ್ಲಿನಲ್ಲಿ ಹೆಸರುಗಳು. ನಾನು ಅವನ ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದೆ. ವಾಷಿಂಗ್ಟನ್ನಿನಲ್ಲಿ ಕಲಿತದ್ದು.

ಆಮೇಲೆ ಜಾಫ್ನಾ. ಇಲ್ಲಿ ಒಂದು ಮಾತು ಬರೆಯದೆ ಮುಂದೆ ಹೋದರೆ ನಾನು ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ. ಅದೇ 1987ರ ದೀಪಾವಳಿಯ ದಿನ, ಅಕ್ಟೋಬರ್ 21ಕ್ಕೆ, ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿ ಗುಂಡು ಹಾರಿಸಿದರು. ಡಾಕ್ಟರು, ನರ್ಸು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ನನ್ನ ಅಣ್ಣ ಅಲ್ಲಿರಲಿಲ್ಲ, ಅಷ್ಟರಲ್ಲಿ ಅವನೇ ಇರಲಿಲ್ಲ. ಆದರೆ ಅದೇ ಸಮವಸ್ತ್ರ. ನಾನು ಉಳಿದುಕೊಂಡಿದ್ದ ಮನೆಯ ಯಜಮಾನಿಗೆ ನನಗಿಂತ ಸ್ವಲ್ಪ ಜಾಸ್ತಿ ವಯಸ್ಸು. ನನ್ನ ಬೆಂಗಳೂರಿನ ಹರಕು ತಮಿಳಿನಲ್ಲಿ ಯಾಕೆ ಬಂದೆ ಅಂತ ಹೇಳಿದೆ. ಆಕೆ ದೋಸೆ ಹುಯ್ಯುವುದು ನಿಲ್ಲಿಸಲಿಲ್ಲ. "ನೀನು ಅವನಿಗಿಂತ ಎಷ್ಟು ಚಿಕ್ಕವಳು?" ಅಂತ ಕೇಳಿದಳು. ನನ್ನ ಬಗ್ಗೆ ಅಂತ ಕೇಳಿದ ಮೊದಲ ಪ್ರಶ್ನೆ ಅದು. ಊಟವಾದ ಮೇಲೆ ತನ್ನ ತಮ್ಮನ ಫೋಟೋ ತಂದು ತೋರಿಸಿದಳು. ಶಾಲೆಯ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. 1988ರಲ್ಲಿ ಭಾರತದ ಸೈನ್ಯದ ಗುಂಡಿಗೆ ಹೋದವನು. ನಾನು ಏನು ಹೇಳಬೇಕಿತ್ತೋ ಗೊತ್ತಿಲ್ಲ, ಏನೂ ಹೇಳಲಿಲ್ಲ. ಇಬ್ಬರೂ ಹೊತ್ತು ಮೀರುವವರೆಗೂ ನಮ್ಮ ನಮ್ಮ ಹುಡುಗರ ಚೇಷ್ಟೆಗಳ ಬಗ್ಗೆ ಮಾತಾಡಿದೆವು. ಹೊರಡುವಾಗ ಆಕೆ ನನ್ನ ಕೈಗೆ ಮುರುಕಿನ ಪೊಟ್ಟಣ ಕೊಟ್ಟಳು.

ನಮ್ಮಲ್ಲಿ ಇಂಥ ಪದ್ಧತಿ ಇಲ್ಲವೇ ಇಲ್ಲ ಅಂತಲೂ ಅಲ್ಲ. ನಮ್ಮ ಸೊರಬ, ಶಿಕಾರಿಪುರದ ಕಡೆ ಕೆರೆ ಏರಿ ಮೇಲೆ, ದೇವಸ್ಥಾನದ ಹಿಂದೆ ಎಲ್ಲಿ ನೋಡಿದರೂ ವೀರಗಲ್ಲುಗಳು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲೋಕ. ಅಣ್ಣನಿಗೆ ತಮ್ಮ ಕಲ್ಲು ನಿಲ್ಲಿಸಿದ ಅಂತ ಹೇಳುವ ಶಾಸನಗಳೂ ಇವೆ. ಸಾವಿರ ವರ್ಷದ ಹಿಂದೆ ಒಡಹುಟ್ಟಿದವನ ಹೆಸರು ಕಲ್ಲಿಗೆ ಹತ್ತುತ್ತಿತ್ತು. ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತು, ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಫಲಕ, ಶ್ರೀಲಂಕಾದಲ್ಲಿ ಸತ್ತವರದ್ದೂ ಸೇರಿ. ಒಳ್ಳೆಯದಾಯಿತು. ಆದರೆ ಹಳ್ಳಿಯ ಎಷ್ಟು ಜನ ದೆಹಲಿಗೆ ಹೋಗುತ್ತಾರೆ? ಸೈನಿಕ ಓದಿದ ಶಾಲೆಯ ಗೋಡೆಯಲ್ಲಿ, ಪಂಚಾಯಿತಿ ಮುಂದೆ ಒಂದು ಕಲ್ಲು ನಿಲ್ಲಿಸುವುದು ದೊಡ್ಡ ಖರ್ಚಲ್ಲ. ಹೆಸರು, ಸತ್ತ ಊರು, ವರ್ಷ, ಕೆಳಗೆ ಮನೆಯವರದ್ದೊಂದು ಸಾಲು. ಯಾವ ಯುದ್ಧ ಗೆದ್ದೆವು, ಯಾವುದು ರಾಜಕೀಯವಾಗಿ ಮುಜುಗರದ್ದು ಅಂತ ನೋಡಬಾರದು.

ಪ್ರವಾಸದಿಂದ ದುಃಖ ಮರೆಯಿತಾ ಅಂತ ಕೇಳಿದರೆ, ಇಲ್ಲ. ಮರೆಯಲಿ ಅಂತ ನಾನು ಹೋಗಿಯೂ ಇಲ್ಲ. ಮನೆಯಲ್ಲಿ ಜಾಗ ಸಿಗದ ದುಃಖಕ್ಕೆ ಹೊರಗೆ ಜಾಗ ಸಿಕ್ಕಿತು. ಮೆಜೆಸ್ಟಿಕ್ಕಿನಲ್ಲಿ ಬೆನ್ನು ಹಿಂಬಾಲಿಸುವುದು ಮಾತ್ರ ಜಾಫ್ನಾಗೆ ಹೋಗಿ ಬಂದ ಮೇಲೆ ನಿಂತಿದೆ.

ಬರುವ ಅಕ್ಟೋಬರಿನಲ್ಲಿ ಮತ್ತೆ ಕೋಟ್ಟೆಯ ಸ್ಮಾರಕಕ್ಕೂ, ಅಲ್ಲಿಂದ ರೈಲಿನಲ್ಲಿ ಜಾಫ್ನಾಕ್ಕೂ ಹೋಗುತ್ತಿದ್ದೇನೆ. ಆ ಯುದ್ಧದಲ್ಲಿ ಅಣ್ಣನನ್ನೋ ತಮ್ಮನನ್ನೋ ಕಳೆದುಕೊಂಡವರು ಕರ್ನಾಟಕದಲ್ಲಿ ಇನ್ನೂ ಇದ್ದೀರಿ ಅಂತ ಗೊತ್ತು. ಜೊತೆಗೆ ಬರುವ ಮನಸ್ಸಿದ್ದರೆ ಮೆಸೇಜ್ ಮಾಡಿ. ಬರಲಾಗದಿದ್ದರೆ ಅವರ ಹೆಸರು, ರೆಜಿಮೆಂಟು, ತೀರಿಕೊಂಡ ತಿಂಗಳು ಬರೆದು ಕಳಿಸಿ. ಗೋಡೆಯಲ್ಲಿ ಹುಡುಕಿ, ಕಾಗದಕ್ಕೆ ಇಳಿಸಿಕೊಂಡು, ನಿಮ್ಮ ಮನೆಗೆ ಅಂಚೆಯಲ್ಲಿ ಕಳಿಸುತ್ತೇನೆ.