ಹೊಸ ಮೆಷಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ

ಪೀಣ್ಯ, ಕಾಮಾಕ್ಷಿಪಾಳ್ಯ, ಅಬ್ಬಿಗೆರೆ, ಬೊಮ್ಮಸಂದ್ರದ ಕಡೆ ಐದಾರು ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಲೋಹ ಕತ್ತರಿಸುವ ಮೆಷಿನ್) ಇಟ್ಟುಕೊಂಡು ಹದಿನೈದು ಇಪ್ಪತ್ತು ಜನಕ್ಕೆ ಕೆಲಸ ಕೊಟ್ಟಿರುವ ಮಾಲೀಕರಿಗೆ ಈ ಬರಹ. ಆರ್ಡರ್ ಸ್ವಲ್ಪ ಜಾಸ್ತಿ ಆದರೆ ಸಾಕು, ನಮ್ಮವರಿಗೆ ಮೊದಲು ಹೊಳೆಯುವುದು ಇನ್ನೊಂದು ವಿಎಂಸಿ (ಸಿಎನ್‌ಸಿಯಲ್ಲೇ ಒಂದು ಬಗೆ), ಅದಕ್ಕೊಂದು ಬ್ಯಾಂಕ್ ಲೋನ್. ನೇರವಾಗಿ ಹೇಳುತ್ತೇನೆ, ಹೆಚ್ಚಿನ ಶಾಪ್‌ಗಳಿಗೆ ಆ ಮೆಷಿನ್ ಈಗಲೇ ಬೇಕಾಗಿಲ್ಲ. ಇರುವ ಮೆಷಿನ್ ಸುಮ್ಮನೆ ನಿಂತಿರುವ ಹೊತ್ತು, ಕೆಲಸ ಕಲಿತು ಬಿಟ್ಟು ಹೋಗುವ ಆಪರೇಟರ್, ಕೈಗೆ ಬಾರದ ಬಿಲ್ಲು, ಈ ಮೂರನ್ನು ಸರಿಮಾಡದೆ ಮೆಷಿನ್ ತಂದರೆ ಸಾಲ ಬೆಳೆಯುತ್ತದೆ, ವ್ಯಾಪಾರ ಬೆಳೆಯುವುದಿಲ್ಲ.

ಲೆಕ್ಕ ಹಾಕಿ ನೋಡಿ. 30 ಲಕ್ಷ ಸಾಲ, ಶೇ. 11 ಬಡ್ಡಿ, 5 ವರ್ಷ ಅಂದರೆ ಇಎಂಐ ತಿಂಗಳಿಗೆ ಸುಮಾರು 65,000 ರೂಪಾಯಿ. ಈಗಿರುವ 6 ಮೆಷಿನ್‌ಗಳಲ್ಲಿ ದಿನಕ್ಕೆ ತಲಾ ಒಂದು ಗಂಟೆ ಉಳಿಸಿ, ಗಂಟೆಗೆ 500 ರೂಪಾಯಿ ದರ ಹಿಡಿದರೂ 25 ದಿನಕ್ಕೆ 75,000 ಬರುತ್ತದೆ. ಹೊಸ ಆಪರೇಟರ್ ಬೇಡ, ಹೊಸ ಜಾಗ ಬೇಡ.

ಆ ಗಂಟೆ ಎಲ್ಲಿದೆ ಅಂತ ಹುಡುಕಲು ಸಾಫ್ಟ್‌ವೇರ್ ಏನೂ ಬೇಡ. ಒಂದೊಂದು ಮೆಷಿನ್‌ಗೆ ಒಂದು ಪ್ಯಾಡ್, ಒಂದು ಪೆನ್ನು ಕಟ್ಟಿ. 5 ನಿಮಿಷಕ್ಕಿಂತ ಹೆಚ್ಚು ನಿಂತರೆ ಯಾವಾಗ ನಿಂತಿತು, ಯಾವಾಗ ಶುರುವಾಯಿತು, ಯಾಕೆ ಅಂತ ಆಪರೇಟರ್ ಬರೆಯಲಿ. ಕಾರಣ ಆರೇ ಸಾಕು: ಸೆಟ್ಟಿಂಗ್ (ಮುಂದಿನ ಜಾಬಿಗೆ ಮೆಷಿನ್ ಅಣಿ ಮಾಡುವುದು), ಟೂಲ್ ಇಲ್ಲ, ಮೆಟೀರಿಯಲ್ ಇಲ್ಲ, ಇನ್ಸ್‌ಪೆಕ್ಷನ್‌ಗೆ ಕಾಯುವುದು, ಕರೆಂಟ್ ಅಥವಾ ಏರ್ ಇಲ್ಲ, ರಿಪೇರಿ. ಎರಡು ವಾರ ಬಿಡದೆ ಬರೆಸಿ. ಒಂದು ಎಚ್ಚರಿಕೆ: ಆ ಹಾಳೆ ತೋರಿಸಿ ಒಬ್ಬನನ್ನು ಬೈದರೂ ಸಾಕು, ಮರುದಿನದಿಂದ ಅದರಲ್ಲಿ ಬರುವುದೆಲ್ಲ ಸುಳ್ಳು. ಹಾಳೆ ಇರುವುದು ಶಾಪ್ ನಡೆಸುವವರ ತಪ್ಪು ಹಿಡಿಯಲು, ಮೆಷಿನ್ ಮುಂದೆ ನಿಂತವನ ತಪ್ಪು ಹಿಡಿಯಲು ಅಲ್ಲ.

ಸಾಮಾನ್ಯವಾಗಿ ಮೇಲೆ ಬಂದು ಕೂರುವುದು ಸೆಟ್ಟಿಂಗ್ ಮತ್ತು ಇನ್ಸ್‌ಪೆಕ್ಷನ್. ಸೆಟ್ಟಿಂಗ್‌ನಲ್ಲಿ ಹೊತ್ತು ತಿನ್ನುವುದು ಮೆಷಿನ್ ಮೇಲಿನ ಕೆಲಸಕ್ಕಿಂತ ಹುಡುಕಾಟ. ಸಾಫ್ಟ್ ಜಾ (ಜಾಬನ್ನು ಹಿಡಿಯುವ ದವಡೆ) ಎಲ್ಲಿ, ಕಳೆದ ಸಲ ಹಾಕಿದ್ದ ಇನ್ಸರ್ಟ್ (ಟೂಲ್ ತುದಿಯ ಕತ್ತರಿಸುವ ತುಂಡು) ಯಾವುದು, ಪ್ರೋಗ್ರಾಂ ಯಾವ ಪೆನ್‌ಡ್ರೈವ್‌ನಲ್ಲಿದೆ, ಎಲ್ಲ ಮೆಷಿನ್ ನಿಂತ ಮೇಲೆ ಶುರು. ಹಿಂದಿನ ಜಾಬ್ ಓಡುತ್ತಿರುವಾಗಲೇ ಮುಂದಿನ ಜಾಬಿನ ಟೂಲ್, ಜಾ, ಫಿಕ್ಸ್ಚರ್, ಗೇಜ್, ಡ್ರಾಯಿಂಗ್, ಮೊದಲ ಹತ್ತು ಪೀಸಿನ ಮೆಟೀರಿಯಲ್ ಒಂದು ಟ್ರಾಲಿಯಲ್ಲಿ ಬಂದು ಪಕ್ಕದಲ್ಲಿ ನಿಂತಿರಬೇಕು. ಜಾ ಮೇಲೆ ಪಾರ್ಟ್ ನಂಬರ್ ಪಂಚ್ ಮಾಡಿಸಿ. ಪ್ರತಿ ಪಾರ್ಟಿಗೂ ಒಂದು ಸೆಟಪ್ ಶೀಟ್ ಇರಲಿ. ಅದರಲ್ಲಿ ಟೂಲ್ ನಂಬರ್, ಓವರ್‌ಹ್ಯಾಂಗ್ (ಟೂಲ್ ಹೊರಗೆ ಚಾಚಿರುವ ಉದ್ದ), ಜೀರೋ (ಅಳತೆ ಶುರುವಾಗುವ ಬಿಂದು) ಎಲ್ಲಿ ತೆಗೆದದ್ದು, ಕ್ಲ್ಯಾಂಪಿಂಗ್ ಪ್ರೆಷರ್, ಮತ್ತು ಮೊಬೈಲ್‌ನಲ್ಲಿ ತೆಗೆದ ಫೋಟೋ. ಈ ಹಾಳೆ ಇಲ್ಲದ ಶಾಪ್‌ನಲ್ಲಿ ಸೆಟ್ಟರ್ ಒಬ್ಬ ರಜೆ ಹಾಕಿದರೆ ಎರಡು ಮೆಷಿನ್ ಮಲಗುತ್ತವೆ.

ಫಸ್ಟ್ ಪೀಸ್ ಹಿಡಿದುಕೊಂಡು ಕ್ವಾಲಿಟಿ ರೂಮಿನ ಬಾಗಿಲಲ್ಲಿ ಕಾಯುವುದು ಎರಡನೇ ಸೋರಿಕೆ. ಇನ್ಸ್‌ಪೆಕ್ಟರ್ ಟೇಬಲ್ಲನ್ನು ಮೆಷಿನ್‌ಗಳ ನಡುವೆ ತಂದು ಹಾಕಿ. ಬೋರ್ ಅಳತೆಗೆ ಗೋ-ನೋಗೋ ಪ್ಲಗ್ ಗೇಜ್ (ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು) ಕೊಟ್ಟು ಆಪರೇಟರ್‌ಗೇ ಕಲಿಸಿ. ಇನ್ಸ್‌ಪೆಕ್ಟರ್ ಡ್ರಾಯಿಂಗ್‌ನ ಮುಖ್ಯ ಅಳತೆಗಳನ್ನಷ್ಟೇ ನೋಡಿ ಬಿಡಲಿ, ಪೂರ್ತಿ ರಿಪೋರ್ಟ್ ಆಮೇಲೆ ಬರಲಿ.

ಈಗ ಹನ್ನೆರಡು ಗಂಟೆ ಶಿಫ್ಟಿನ ಮಾತು. ಬಹಳ ಕಡೆ ಇದು ರೂಢಿಯಾಗಿ ಹೋಗಿದೆ, ಮತ್ತು ಇದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ವಾರಕ್ಕೆ 48 ಗಂಟೆ ದಾಟಿದರೆ ಕಾನೂನು ಪ್ರಕಾರ ದುಪ್ಪಟ್ಟು ಕೂಲಿ ಕೊಡಬೇಕು. ಸಿಂಗಲ್ ರೇಟಿನ ಓಟಿ (ಓವರ್‌ಟೈಮ್) ಕಾರ್ಮಿಕನಿಗೆ ಮಾಡುವ ಮೋಸ. ಅದರ ಮೇಲೆ ಮಾಲೀಕನಿಗೂ ಲಾಭವಿಲ್ಲ. ರಿಜೆಕ್ಷನ್ ರಿಜಿಸ್ಟರ್‌ನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ. ಕೊನೆಯ ಮೂರು ಗಂಟೆಯ ರಿಜೆಕ್ಷನ್, ಮುರಿದ ಟೂಲು, ಬೆರಳಿಗಾದ ಗಾಯ ಒಟ್ಟಿಗೆ ಕೂಡಿ, ಆ ಮೂರು ಗಂಟೆಯ ಉತ್ಪಾದನೆಯ ಪಕ್ಕ ಇಟ್ಟು ನೋಡಿ. ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10 ಅಂತ ಎರಡು ಶಿಫ್ಟ್ ಮಾಡಿದರೆ ಎರಡನೆಯವರಿಗೆ ಮನೆಗೆ ಹೋಗಲು ಮೆಟ್ರೋ ಸಿಗುತ್ತದೆ. ಶಿಫ್ಟ್ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಮೆಷಿನ್ ಹತ್ತಿರ ನಿಂತು ಮಾತಾಡಬೇಕು: ಯಾವ ಇನ್ಸರ್ಟ್ ಸವೆದಿದೆ, ಆಫ್‌ಸೆಟ್ (ಟೂಲ್ ಅಳತೆಯ ತಿದ್ದುಪಡಿ) ಎಷ್ಟು ಕೊಟ್ಟಿದೆ. ಆ ಹತ್ತು ನಿಮಿಷಕ್ಕೂ ಸಂಬಳ ಕೊಡಿ.

ಶಾಪ್ ಒಳಗಿನ ಗಾಳಿ, ನೀರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದು ಕೂಲೆಂಟ್, ಅಂದರೆ ಕತ್ತರಿಸುವಾಗ ಟೂಲ್ ತಂಪಾಗಿಡುವ ಎಣ್ಣೆ-ನೀರಿನ ಮಿಶ್ರಣ. ಭಾನುವಾರ ಮೆಷಿನ್ ನಿಂತಾಗ ಸ್ಲೈಡ್‌ವೇ ಆಯಿಲ್ ಮೇಲೆ ತೇಲಿ ಗಾಳಿ ತಡೆಯುತ್ತದೆ, ಅಡಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಪಿಎಚ್ ಇಳಿಯುತ್ತದೆ. ಜಾಬ್ ತುಕ್ಕು ಹಿಡಿಯುವುದು, ಆಪರೇಟರ್‌ಗಳ ಮುಂಗೈಯಲ್ಲಿ ತುರಿಕೆ, ಬಿರುಕು ಬರುವುದು ಎರಡಕ್ಕೂ ಇದೇ ಮೂಲ. ಕೂಲೆಂಟ್ ಎಷ್ಟು ಗಟ್ಟಿ ಅಂತ ಅಳೆಯುವ ಒಂದು ರಿಫ್ರ್ಯಾಕ್ಟೋಮೀಟರ್ ತಂದಿಡಿ. ರೀಡಿಂಗನ್ನು ಕೂಲೆಂಟ್ ಕಂಪನಿಯ ಡೇಟಾಶೀಟ್‌ನಲ್ಲಿರುವ ಫ್ಯಾಕ್ಟರ್‌ನಿಂದ ಗುಣಿಸಿದರೆ ನಿಜವಾದ ಸಾಂದ್ರತೆ; ಸಾಮಾನ್ಯ ಮಷೀನಿಂಗ್‌ಗೆ ಶೇ. 5ರಿಂದ 8. ಪಿಎಚ್ 8.5ರ ಕೆಳಗೆ ಬಿಡಬೇಡಿ. ಮಿಶ್ರಣ ಮಾಡುವಾಗ ನೀರಿಗೆ ಆಯಿಲ್ ಹಾಕಬೇಕು, ಆಯಿಲ್‌ಗೆ ನೀರು ಸುರಿದರೆ ಸರಿಯಾಗಿ ಬೆರೆಯುವುದಿಲ್ಲ. ಕಡಿಮೆಯಾದಾಗ ಬರೀ ನೀರು ಸುರಿಯುವುದು ಎಲ್ಲ ಕಡೆ ನಡೆಯುವ ತಪ್ಪು; ತೆಳುವಾಗಿ ಕಲಸಿದ್ದನ್ನೇ ಹಾಕಿ. ಬೋರ್‌ವೆಲ್‌ನ ಗಡಸು ನೀರಿಗೆ ಕೂಲೆಂಟ್ ಬೇಗ ಒಡೆಯುತ್ತದೆ, ಹಾಗಾಗಿ ಕಾವೇರಿ ನೀರೋ ಆರ್‌ಒ ನೀರೋ ಬಳಸಿ. ಮೇಲೆ ತೇಲುವ ಆಯಿಲ್ ಅನ್ನು ಶನಿವಾರ ಸಂಜೆಯೇ ತೆಗೆಸಿ.

ಕಂಪ್ರೆಸರ್ ಸೋರಿಕೆ ಇನ್ನೊಂದು. ಎಲ್ಲ ಮೆಷಿನ್ ನಿಂತಿರುವಾಗ ಕಂಪ್ರೆಸರ್ ಮಾತ್ರ ಓಡಿಸಿ, ಎಷ್ಟು ಹೊತ್ತು ಲೋಡ್ (ಗಾಳಿ ತುಂಬುವುದು), ಎಷ್ಟು ಹೊತ್ತು ಅನ್‌ಲೋಡ್ (ಗಾಳಿ ತುಂಬದೆ ಬರಿದೇ ಇರುವುದು) ಅಂತ ಗಡಿಯಾರ ಹಿಡಿದು ನೋಡಿ. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಬಂದರೆ 8ರಲ್ಲಿ 2, ಅಂದರೆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಶೇ. 25 ಸೋರುತ್ತಿದೆ. ಶೇ. 10ರೊಳಗೆ ತರಬೇಕು. 7 ಬಾರ್‌ನಲ್ಲಿ 3 ಮಿ.ಮೀ. ತೂತು ಒಂದಿದ್ದರೆ 3 ಕಿಲೋವ್ಯಾಟ್‌ಗೂ ಹೆಚ್ಚು ಕರೆಂಟ್ ಅದರಲ್ಲೇ ಹೋಗುತ್ತದೆ. ಸೋಪು ನೀರು, ಹೋಸ್ ಕ್ಲಿಪ್, ಟೆಫ್ಲಾನ್ ಟೇಪ್, ಒಂದು ಮಧ್ಯಾಹ್ನದ ಕೆಲಸ. ಏರ್ ಗನ್‌ನಲ್ಲಿ ಮೈ, ಬಟ್ಟೆ ಊದಿಕೊಳ್ಳುವುದನ್ನು ಖಡಾಖಂಡಿತ ನಿಲ್ಲಿಸಿ. ಚಿಪ್ ಕಣ್ಣಿಗೆ ಹಾರುತ್ತದೆ.

ಇಷ್ಟೆಲ್ಲ ಮಾಡಿಯೂ ಜನ ನಿಲ್ಲುವುದಿಲ್ಲ ಅನ್ನುವವರು ಮೊದಲು ಸಂಬಳದ ತಾರೀಖು ನೋಡಿಕೊಳ್ಳಿ. ಕಾನೂನಿನ ಗಡುವು 7ನೇ ತಾರೀಖು. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದು ರೂಮ್ ಮಾಡಿಕೊಂಡಿರುವ ಹುಡುಗ ಮನೆ ಓನರ್‌ಗೆ ಬಾಡಿಗೆ ಕೊಡಬೇಕಾದ್ದು ಅದಕ್ಕೂ ಮುಂಚೆ. 10, 15 ಅಂತ ಎಳೆದರೆ ಅವನು ಮೇಸ್ತ್ರಿ ಹತ್ತಿರ ಕೈ ಸಾಲ ಮಾಡುತ್ತಾನೆ, ಪಕ್ಕದ ಶಾಪ್‌ನವರು 500 ಜಾಸ್ತಿ ಅಂದರೆ ಹೊರಡುತ್ತಾನೆ. 500 ರೂಪಾಯಿಗೆ ಹೋದ ಅಂತ ಬೈಯುವುದು ಅನ್ಯಾಯ.

ಹತ್ತು ಜನ ಆದರೆ ಇಎಸ್‌ಐ (ಕಾರ್ಮಿಕರ ವಿಮೆ) ಬರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಮಾಲೀಕನದು ಶೇ. 3.25, ಕಾರ್ಮಿಕನದು ಶೇ. 0.75. ಮೂರು ತಿಂಗಳು ನೋಡಿ ಸೇರಿಸೋಣ ಅನ್ನುವವರು ನೆನಪಿಡಬೇಕಾದ್ದು: ಬೆರಳು ಹೋಗುವುದು ಕೈ ಪಳಗದ ಮೊದಲ ವಾರಗಳಲ್ಲೇ. ಕೆಲಸದಲ್ಲಾದ ಗಾಯದ ಪರಿಹಾರಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತಿಲ್ಲ, ಆದ್ದರಿಂದ ಸೇರಿದ ದಿನವೇ ಹೆಸರು ಹಾಕಿಸಿ. ಪಿಎಫ್ 20 ಜನಕ್ಕೆ ಕಡ್ಡಾಯ. ಮುಂದಿನ ತಿಂಗಳ 15ರೊಳಗೆ ಕಟ್ಟದಿದ್ದರೆ, ಕಾರ್ಮಿಕನ ಪಾಲನ್ನು ತಡವಾಗಿ ಕಟ್ಟಿದರೂ 1961ರ ಆದಾಯ ತೆರಿಗೆ ಕಾಯ್ದೆಯಡಿ ಖರ್ಚು ಅಂತ ತೋರಿಸಲಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. ಹತ್ತು ಜನರಿದ್ದ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿಯೂ ಇರಲೇಬೇಕು, ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ.

ಕೊನೆಗೆ ದುಡ್ಡು. ತಿಂಗಳಿಗೆ 20 ಲಕ್ಷ ಬಿಲ್ಲಿಂಗ್, 90 ದಿನ ಕ್ರೆಡಿಟ್ ಅಂದರೆ 60 ಲಕ್ಷ ಹೊರಗಿದೆ. ಬಿಲ್ಲಿಂಗ್ 30ಕ್ಕೆ ಏರಿದರೆ 90 ಲಕ್ಷ. ಆ ಹೆಚ್ಚುವರಿ 30 ಲಕ್ಷ ಯಾರು ಕೊಡುತ್ತಾರೆ ಅಂತ ಆರ್ಡರ್ ಒಪ್ಪುವ ದಿನವೇ ಕೇಳಿಕೊಳ್ಳಬೇಕು. ಜಿಎಸ್‌ಟಿಯಂತೂ ಗಿರಾಕಿ ಕೊಟ್ಟಿರಲಿ ಬಿಡಲಿ ಮುಂದಿನ ತಿಂಗಳ 20ಕ್ಕೆ ಕಟ್ಟಲೇಬೇಕು. ಆರ್ಡರ್ ತುಂಬಿರುವಾಗಲೇ ಶಾಪ್ ಮುಚ್ಚುವುದು ಹೀಗೆ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ನೋಂದಣಿ) ಇದ್ದರೆ ಆ ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಹಾಕಿ. 2006ರ ಎಂಎಸ್‌ಎಂಇಡಿ ಕಾಯ್ದೆ (ಸಣ್ಣ ಉದ್ಯಮಗಳ ಕಾಯ್ದೆ) ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಗಿರಾಕಿ ಹಣ ಕೊಡಲು ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆ ಬಲ ಬಂದದ್ದು ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿಸಿ 2023–24ರ ಲೆಕ್ಕದಿಂದ ಜಾರಿಗೆ ತಂದಾಗ: ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ ಗಡುವಿನೊಳಗೆ ಕೊಡದ ಹಣವನ್ನು ಗಿರಾಕಿ ಕಂಪನಿ ಆ ವರ್ಷದ ಖರ್ಚಿಗೆ ಹಾಕಲಾಗದು. ಪರ್ಚೇಸ್ ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳದಿದ್ದರೂ ಅಕೌಂಟ್ಸ್‌ನವರಿಗೆ ಇದು ಅರ್ಥವಾಗುತ್ತದೆ, ಜನವರಿಯಲ್ಲೇ ಅವರಿಗೆ ಬಾಕಿ ಪಟ್ಟಿ ಮೇಲ್ ಮಾಡಿ. ಮಾಲು ಇಳಿಸಿದ ದಿನವೇ ಡೆಲಿವರಿ ಚಲನ್‌ಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ದಿನ ಎಣಿಸುವಾಗ ಜಗಳ ಬರುವುದು ಅಲ್ಲೇ. ಸಿಕ್ಕ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಬರದಿದ್ದರೆ ಮಾಲು ಕೊಟ್ಟ ದಿನವೇ ಒಪ್ಪಿಕೊಂಡ ದಿನ.

ಹಾಳೆಯಲ್ಲಿ ಮೆಷಿನ್ ನಿಲ್ಲುವ ಹೊತ್ತು ಇಳಿದು, ಮೂರು ತಿಂಗಳು ಹಾಗೇ ಉಳಿದು, ಆದರೂ ಆರ್ಡರ್ ಮುಗಿಯುತ್ತಿಲ್ಲ ಅಂದರೆ ಆಗ ಮೆಷಿನ್ ತನ್ನಿ. ಅಡ್ವಾನ್ಸ್ ಕೊಡುವ ಮುಂಚೆ ಬೆಸ್ಕಾಂ ಮಂಜೂರು ಮಾಡಿರುವ ಲೋಡ್ ಸಾಲುತ್ತದೆಯೇ, ಬಾಡಿಗೆ ಶೆಡ್ಡಿನ ಅಗ್ರಿಮೆಂಟ್ ಇಎಂಐ ಮುಗಿಯುವವರೆಗೆ ಇದೆಯೇ, ಅದನ್ನು ಓಡಿಸುವ ಹುಡುಗ ಈಗಾಗಲೇ ನಿಮ್ಮ ಶಾಪ್‌ನಲ್ಲಿ ಕಲಿಯುತ್ತಿದ್ದಾನೆಯೇ ಅಂತ ನೋಡಿ.