ಕಿಸೆಗೆ ಸಿಕ್ಕ ವಾಕ್‌ಸ್ವಾತಂತ್ರ್ಯ ಬಾಯಿಗೆ ಸಿಗಲಿಲ್ಲ

ತಿಂಗಳಿಗೆ 44 ಡಾಲರ್ 58 ಸೆಂಟ್. ಅಮೆರಿಕದ ಇಲಿನಾಯ್ ರಾಜ್ಯದ ಸರ್ಕಾರಿ ನೌಕರ ಮಾರ್ಕ್ ಜೇನಸ್ ಅವರ ಸಂಬಳದಿಂದ ನೌಕರರ ಸಂಘಕ್ಕೆ ಕಡಿತವಾಗುತ್ತಿದ್ದ ಹಣ ಇಷ್ಟೇ. ಅವರು ಸಂಘದ ಸದಸ್ಯರಲ್ಲ, ಆಗುವ ಇಚ್ಛೆಯೂ ಇರಲಿಲ್ಲ. ಆದರೂ ಸದಸ್ಯರು ತೆರುವ ಚಂದಾದ ಶೇಕಡಾ 78ರಷ್ಟನ್ನು ಅವರು ಕೊಡಲೇಬೇಕಿತ್ತು. ರಾಜ್ಯದ ಕಾನೂನೇ ಹಾಗಿತ್ತು. 2018ರ ಜೂನ್ 27ರಂದು ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಲ್ಲಿ, ಈ ಕಡಿತ ಸಂವಿಧಾನದ ಮೊದಲ ತಿದ್ದುಪಡಿಗೆ, ಎಂದರೆ ವಾಕ್‌ಸ್ವಾತಂತ್ರ್ಯಕ್ಕೆ, ವಿರುದ್ಧ ಎಂದು ಹೇಳಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳ ಕಾನೂನುಗಳು ಒಂದೇ ದಿನ ಮಗುಚಿ ಬಿದ್ದವು.

ನನ್ನ ಸ್ನೇಹಿತನೊಬ್ಬ ಅಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾನೆ. ತೀರ್ಪು ಬಂದ ವಾರವೇ ಸಂಘಕ್ಕೆ ರಾಜೀನಾಮೆ ಕೊಟ್ಟ. ಫೋನಿನಲ್ಲಿ ಇಬ್ಬರೂ ಚೆನ್ನಾಗಿಯೇ ಜಗಳವಾಡಿದೆವು. "ನಾನು ಮತ ಹಾಕದ ಪಕ್ಷದ ಪರ ಪ್ರಚಾರಕ್ಕೆ ನನ್ನ ಸಂಬಳದ ದುಡ್ಡು ಹೋಗುವುದು ನಿನಗೆ ಸರಿಯೆನಿಸುತ್ತದೆಯೇ?" ಎಂದು ಕೇಳಿದ. ಇಲ್ಲ. ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಅವನು ಗೆದ್ದೆನೆಂದುಕೊಂಡದ್ದು ಏನನ್ನು ಎಂಬುದರ ಬಗ್ಗೆ ನನಗೆ ತಕರಾರಿದೆ.

ಏಕೆಂದರೆ, ಕೊನೆಪಕ್ಷ ಕಾಗದದ ಮೇಲೆ, ಆ ಹಕ್ಕು 1977ರಿಂದಲೇ ಇತ್ತು. ಡೆಟ್ರಾಯಿಟ್‌ನ ಶಿಕ್ಷಕರ ಮೊಕದ್ದಮೆಯಲ್ಲಿ, ಅಬೂಡ್ ಪ್ರಕರಣವೆಂದು ಅದು ಪ್ರಸಿದ್ಧ, ಕೋರ್ಟ್ ಒಂದು ಗೆರೆ ಎಳೆದಿತ್ತು. ಸಂಘವು ಎಲ್ಲ ನೌಕರರ ಪರವಾಗಿ ಸಂಬಳ, ರಜೆ, ವಿಮೆಯ ಮಾತುಕತೆ ನಡೆಸುತ್ತದೆ. ಆ ಖರ್ಚಿನ ಪಾಲನ್ನು ಸದಸ್ಯರಲ್ಲದವರಿಂದಲೂ ವಸೂಲು ಮಾಡಬಹುದು. ರಾಜಕೀಯ ಪ್ರಚಾರದ ಖರ್ಚನ್ನು ಒಲ್ಲದವರ ಮೇಲೆ ಹೊರಿಸುವಂತಿಲ್ಲ. ಜೇನಸ್ ಅವರು ಶೇಕಡಾ ನೂರರ ಬದಲು 78 ಕೊಡುತ್ತಿದ್ದುದರ ಹಿಂದಿನ ಲೆಕ್ಕ ಇದೇ. ಅಭ್ಯರ್ಥಿಗಳಿಗೆ ಕೊಡುವ ನೇರ ದೇಣಿಗೆಯ ಮಾತು ಇನ್ನೂ ಬೇರೆ: ಅಧ್ಯಕ್ಷೀಯ ಮತ್ತು ಸಂಸತ್ತಿನ ಚುನಾವಣೆಗಳಲ್ಲಿ ಸಂಘದ ಖಜಾನೆಯಿಂದ ಅಭ್ಯರ್ಥಿಗೆ ಹಣ ಕೊಡುವುದನ್ನು 1947ರ ಟಾಫ್ಟ್–ಹಾರ್ಟ್ಲಿ ಕಾಯ್ದೆಯೇ ನಿಷೇಧಿಸಿದೆ. ಅದಕ್ಕೆ ಸ್ವಯಂಪ್ರೇರಿತ ವಂತಿಗೆಯ ಪ್ರತ್ಯೇಕ ನಿಧಿ ಬೇಕು.

ಗೆರೆ ಚೆನ್ನಾಗಿತ್ತು. ಅದನ್ನು ಕಾಯಬೇಕಾದವರು ಕಾಯಲಿಲ್ಲ, ಇದನ್ನು ಸಂಘಗಳ ಪರವಾಗಿರುವ ನಾನೇ ಒಪ್ಪಿಕೊಳ್ಳುತ್ತೇನೆ. 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನಮತಕ್ಕೆ ಬಂದ ಪ್ರಸ್ತಾವಗಳ ವಿರುದ್ಧ ಹೋರಾಡಲು ಅಲ್ಲಿನ ದೊಡ್ಡ ನೌಕರರ ಸಂಘವೊಂದು ವರ್ಷದ ನಡುವೆಯೇ ಚಂದಾ ಏರಿಸಿತು. ಸದಸ್ಯರಲ್ಲದವರಿಗೆ ಹೊಸ ನೋಟಿಸು ಕೊಡಲಿಲ್ಲ, ಬೇಡವೆನ್ನುವ ಅವಕಾಶವನ್ನೂ ಕೊಡಲಿಲ್ಲ. ಆ ಪ್ರಸ್ತಾವಗಳಲ್ಲೊಂದು ಏನಿತ್ತು ಗೊತ್ತೇ? ನೌಕರನ ಒಪ್ಪಿಗೆ ಪಡೆಯದೆ ಅವನ ಹಣವನ್ನು ರಾಜಕೀಯಕ್ಕೆ ಬಳಸಬಾರದು ಎಂಬುದು! ನಿನ್ನನ್ನು ಕೇಳಬೇಕೆಂಬ ನಿಯಮವನ್ನು ಸೋಲಿಸಲು ನಿನ್ನನ್ನು ಕೇಳದೆ ನಿನ್ನದೇ ದುಡ್ಡು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪ್ರಸ್ತಾವ ಸೋತಿತು, ಸಂಘ 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಜೇನಸ್ ತೀರ್ಪಿಗೆ ಹಾದಿ ಮಾಡಿಕೊಟ್ಟದ್ದು ಇಂಥ ಅಹಂಕಾರವೇ.

ವಾಷಿಂಗ್ಟನ್ ರಾಜ್ಯದ ದಾರಿ ನನಗೆ ಸರಿಯೆನಿಸುತ್ತದೆ. ಅಲ್ಲಿನ ಮತದಾರರು 1992ರಲ್ಲೇ ಒಪ್ಪಿದ ನಿಯಮದ ಪ್ರಕಾರ, ಸದಸ್ಯನಲ್ಲದವನ ಹಣವನ್ನು ಚುನಾವಣೆಗೆ ಬಳಸಬೇಕಾದರೆ ಮೊದಲು ಅವನು ‘ಹೂಂ’ ಅನ್ನಬೇಕಿತ್ತು. ‘ಬೇಡ’ ಎಂದು ಅವನು ಅರ್ಜಿ ಹಾಕುವವರೆಗೆ ಕಾಯುವ ಆಟ ನಡೆಯುತ್ತಿರಲಿಲ್ಲ. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಅಲ್ಲಿಗೇ ನಿಂತಿದ್ದರೆ ಸ್ನೇಹಿತನಿಗೂ ನನಗೂ ಜಗಳವೇ ಇರುತ್ತಿರಲಿಲ್ಲ.

ನಿಲ್ಲಲಿಲ್ಲ. ಜೇನಸ್ ತೀರ್ಪು ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಅವರ ತರ್ಕ ಹೀಗಿದೆ: ಸರ್ಕಾರಿ ನೌಕರರ ಸಂಬಳವೆಂದರೆ ತೆರಿಗೆದಾರರ ಹಣ, ಪಿಂಚಣಿಯೆಂದರೆ ರಾಜ್ಯದ ಸಾಲ. ಆದ್ದರಿಂದ ಸಂಬಳದ ಮಾತುಕತೆಯೂ ಸಾರ್ವಜನಿಕ ಮಹತ್ವದ ಮಾತು. ಅದಕ್ಕೆ ಹಣ ಕೊಡೆಂದು ಬಲವಂತಪಡಿಸುವುದು, ಒಪ್ಪದ ಮಾತನ್ನು ಆಡಿಸಿದ ಹಾಗೆ. ತರ್ಕ ಸುಳ್ಳಲ್ಲ. ಆದರೆ ಅದೇ ಮಾತುಕತೆಯಲ್ಲಿ ಏರಿದ ಸಂಬಳವನ್ನು ಹಣ ಕೊಡದವನೂ ಪಡೆಯುತ್ತಾನೆ. ಎಲ್ಲರನ್ನೂ ಪ್ರತಿನಿಧಿಸುವ ಸ್ಥಾನ ಪಡೆದ ಸಂಘ ಅವನನ್ನು ಬಿಟ್ಟು ಮಾತಾಡುವಂತಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವನನ್ನು ನೋಡಿದ್ದೇವೆ. ದಡ ಬಿಡುವ ಮೊದಲೇ, ಸಂವಿಧಾನದ ಹೆಸರಿನಲ್ಲಿ, ದೋಣಿಯಲ್ಲಿ ಕುಳಿತುಕೊಂಡೇ ಹಾಗೆನ್ನುವವನು ಹೊಸಬ.

ಇಷ್ಟೇ ಆಗಿದ್ದರೆ ದುಡ್ಡಿನ ಜಗಳ ಎಂದು ಬಿಡಬಹುದಿತ್ತು. ನನಗೆ ಕಿರಿಕಿರಿಯಾಗುವುದು ಇದೇ ಕೋರ್ಟ್ ಇದೇ ನೌಕರನ ನಿಜವಾದ ಮಾತಿಗೆ ಏನು ಬೆಲೆ ಕಟ್ಟಿದೆ ಎಂದು ನೋಡಿದಾಗ.

ಹಳೆಯ ಕಾಲದಲ್ಲಿ ಬೆಲೆಯೇ ಇರಲಿಲ್ಲ. 1892ರಲ್ಲಿ ಮ್ಯಾಸಚೂಸೆಟ್ಸ್‌ನ ಪೊಲೀಸನೊಬ್ಬ ರಾಜಕೀಯಕ್ಕೆ ಹಣ ಎತ್ತಿ ಕೆಲಸ ಕಳೆದುಕೊಂಡಾಗ, ಆ ರಾಜ್ಯದ ಉನ್ನತ ಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಹೋಮ್ಸ್ ಅವರು ರಾಜಕೀಯ ಮಾತಾಡುವ ಹಕ್ಕು ಅವನಿಗಿರಬಹುದು, ಪೊಲೀಸನಾಗಿರುವ ಹಕ್ಕು ಇಲ್ಲ ಎಂದು ಮಾತು ಮುಗಿಸಿದ್ದರು. ಅದು ಬದಲಾದದ್ದು 1968ರಲ್ಲಿ. ಇಲಿನಾಯ್‌ನ ಶಿಕ್ಷಕ ಮಾರ್ವಿನ್ ಪಿಕರಿಂಗ್, ಶಾಲಾ ಮಂಡಳಿ ಕ್ರೀಡೆಗೆ ಸುರಿಯುತ್ತಿದ್ದ ಹಣವನ್ನು ಟೀಕಿಸಿ ಸ್ಥಳೀಯ ಪತ್ರಿಕೆಗೆ ಕಾಗದ ಬರೆದು ಕೆಲಸ ಕಳೆದುಕೊಂಡಿದ್ದರು. ಸರ್ಕಾರಿ ನೌಕರನೂ ನಾಗರಿಕನೇ ಎಂದು ಕೋರ್ಟ್ ಅವರ ಪರ ನಿಂತಿತು. 1987ರಲ್ಲಂತೂ, ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದ ಸುದ್ದಿ ಕೇಳಿ ‘ಮತ್ತೊಮ್ಮೆ ಪ್ರಯತ್ನಿಸಿದರೆ ಗುರಿ ತಪ್ಪದಿರಲಿ’ ಎಂಬರ್ಥದಲ್ಲಿ ಸಹೋದ್ಯೋಗಿಯ ಬಳಿ ಆಡಿಕೊಂಡ ಟೆಕ್ಸಸ್‌ನ ಗುಮಾಸ್ತೆಯೊಬ್ಬಳ ವಜಾವನ್ನೂ ಕೋರ್ಟ್ ತಪ್ಪೆಂದಿತು. ಅಷ್ಟು ದೊಡ್ಡ ಮನಸ್ಸು!

ಆಮೇಲೆ 2006. ಲಾಸ್ ಏಂಜಲೀಸ್ ಕೌಂಟಿಯ ಸರ್ಕಾರಿ ವಕೀಲ ರಿಚರ್ಡ್ ಸೆಬಾಲೋಸ್, ಶೋಧನಾ ವಾರಂಟ್ ಪಡೆಯಲು ಪೊಲೀಸರು ಸಲ್ಲಿಸಿದ್ದ ಪ್ರಮಾಣಪತ್ರದಲ್ಲಿ ಗಂಭೀರ ತಪ್ಪುಗಳಿವೆ ಎಂದು ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆದರು. ಮೊಕದ್ದಮೆ ಕೈಬಿಡಿ ಎಂದರು. ಬಿಡಲಿಲ್ಲ. ತಮ್ಮನ್ನು ವರ್ಗಾಯಿಸಿದರು, ಬಡ್ತಿ ತಪ್ಪಿಸಿದರು ಎಂದು ಸೆಬಾಲೋಸ್ ಕೋರ್ಟಿಗೆ ಹೋದರು. ಐದು–ನಾಲ್ಕರ ತೀರ್ಪು: ಕರ್ತವ್ಯದ ಭಾಗವಾಗಿ ಬರೆದದ್ದನ್ನು ನಾಗರಿಕನಾಗಿ ಬರೆದದ್ದೆಂದು ಎಣಿಸಲಾಗದು, ಅದಕ್ಕೆ ಮೊದಲ ತಿದ್ದುಪಡಿಯ ರಕ್ಷಣೆ ಇಲ್ಲ. ಆ ಐವರಲ್ಲಿ ಅಲಿಟೊ ಅವರೂ ಒಬ್ಬರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಂಬಳದಿಂದ ಕಡಿತವಾದ 44 ಡಾಲರ್ ‘ಮಾತು’. ಪೊಲೀಸರ ಪ್ರಮಾಣಪತ್ರ ಸುಳ್ಳಿರಬಹುದು ಎಂಬ ಟಿಪ್ಪಣಿ ಕಚೇರಿ ಕಾಗದ. ಸಂಘ ಮಾತಾಡುವುದು ನೌಕರನ ಕರ್ತವ್ಯದ ಭಾಗವಲ್ಲ, ಆದ್ದರಿಂದ ಎರಡೂ ಬೇರೆ ಎಂದು ಬಹುಮತದ ಸಮಜಾಯಿಷಿ. ಕಾನೂನು ಪುಸ್ತಕದಲ್ಲಿ ಅದು ನಿಲ್ಲಬಹುದು, ನನ್ನ ತಲೆಯಲ್ಲಿ ನಿಲ್ಲುತ್ತಿಲ್ಲ. ಜೇನಸ್ ಪ್ರಕರಣದ ಭಿನ್ನ ತೀರ್ಪಿನಲ್ಲಿ ನ್ಯಾಯಮೂರ್ತಿ ಎಲೆನಾ ಕೇಗನ್ ಸರಿಯಾದ ಜಾಗಕ್ಕೇ ಕೈಯಿಟ್ಟರು: ಒಳ್ಳೆಯ ಆರೋಗ್ಯ ವಿಮೆ ಬೇಕೆಂದು ಹೊತ್ತಲ್ಲದ ಹೊತ್ತಿನಲ್ಲಿ ಕಚೇರಿಯಲ್ಲಿ ಗಲಾಟೆ ಮಾಡಿದ ನೌಕರರನ್ನು ಸರ್ಕಾರ ಶಿಕ್ಷಿಸಿದರೆ, ಗೆಲ್ಲುವುದು ಸರ್ಕಾರವೇ. ಅದೇ ವಿಮೆಗಾಗಿ ಸಂಘ ಮಾತಾಡಿದರೆ ಮಾತ್ರ ಅದು ದೇಶದ ಮಹತ್ವದ ವಿಷಯವಾಗಿಬಿಡುತ್ತದೆ.

ಸಂಶಯಕ್ಕೆ ಇನ್ನೂ ಒಂದು ಕಾರಣವಿದೆ. 2011ರಲ್ಲಿ ರಿಪಬ್ಲಿಕನ್ ಪಕ್ಷದ ಆಡಳಿತವಿದ್ದ ವಿಸ್ಕಾನ್ಸಿನ್ ರಾಜ್ಯ, ಕಾಯ್ದೆಯೊಂದರ ಮೂಲಕ ಸರ್ಕಾರಿ ನೌಕರರ ಸಂಘಗಳ ಬೆನ್ನುಮೂಳೆ ಮುರಿದಾಗ ಪೊಲೀಸರನ್ನೂ ಅಗ್ನಿಶಾಮಕ ಸಿಬ್ಬಂದಿಯನ್ನೂ ಹೊರಗಿಟ್ಟಿತು. ನೌಕರನ ಆತ್ಮಸಾಕ್ಷಿಯೇ ಕಾಳಜಿಯಾಗಿದ್ದರೆ ಪೊಲೀಸನಿಗೂ ಒಂದು ಆತ್ಮಸಾಕ್ಷಿ ಇರಬೇಕಲ್ಲ. ಶಿಕ್ಷಕರ ಸಂಘಗಳ ಹಣ ಬಹುತೇಕ ಡೆಮಾಕ್ರಟಿಕ್ ಪಕ್ಷದ ಕಡೆಗೇ ಹರಿಯುತ್ತದೆ ಎಂಬುದು ಎರಡೂ ಪಕ್ಷಗಳಿಗೆ ಗೊತ್ತು.

ಮೊನ್ನೆ ಸ್ನೇಹಿತ ಮತ್ತೆ ಫೋನ್ ಮಾಡಿದ್ದ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಮಿತಿಮೀರಿದೆ, ವಿಶೇಷ ನೆರವು ಬೇಕಾದ ಮಕ್ಕಳಿಗೆ ಸಹಾಯಕರಿಲ್ಲ, ಪ್ರಾಂಶುಪಾಲರಿಗೆ ಖಾರವಾಗಿ ಒಂದು ಇಮೇಲ್ ಬರೆಯುತ್ತಿದ್ದೇನೆ ಎಂದ. ಸೆಬಾಲೋಸ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಾಗಾದರೆ ಪತ್ರಿಕೆಗೆ ಬರೆದರೆ ರಕ್ಷಣೆ ಇದೆ, ಪ್ರಾಂಶುಪಾಲರಿಗೆ ಬರೆದರೆ ಇಲ್ಲವೇ?"

ಬಹುಮಟ್ಟಿಗೆ ಹಾಗೆಯೇ ಎಂದೆ. ಇಮೇಲ್ ಕಳುಹಿಸಿದನೋ ಇಲ್ಲವೋ ಇನ್ನೂ ಹೇಳಿಲ್ಲ.